ಕಿಡ್ನಿಯೊಳಗೆ ನಿಲ್ಲುವ ಔಷಧಿ

ಮೂತ್ರಕೋಶದ ಕ್ಯಾನ್ಸರ್‌ಗೆ ಒಳಗೇ ಔಷಧಿ ತುಂಬುವುದು ಯೂರಾಲಜಿಯಲ್ಲಿ ಹಳೆಯ ಪದ್ಧತಿ. ಕೆಥೆಟರ್‌ನಲ್ಲಿ ಮೈಟೋಮೈಸಿನ್ ಎಂಬ ಕ್ಯಾನ್ಸರ್ ಔಷಧಿ ಬಿಡುತ್ತೇವೆ. 'ಒಂದೆರಡು ಗಂಟೆ ತಡೆದುಕೊಳ್ಳಿ' ಎನ್ನುತ್ತೇವೆ. ಅದೇ ಜಾತಿಯ ಗೆಡ್ಡೆ ಕಿಡ್ನಿಯಲ್ಲಿ ಬೆಳೆದರೆ ಇದು ನಡೆಯುವುದಿಲ್ಲ. ಅಲ್ಲಿ ಮೂತ್ರ ಇಳಿಯುತ್ತಲೇ ಇರುತ್ತದೆ, ಔಷಧಿಯನ್ನೂ ಕೊಚ್ಚಿಕೊಂಡು ಹೋಗುತ್ತದೆ. ಲೇಸರ್‌ನಿಂದ ಸುಡೋಣ ಎಂದರೆ ಅದು ತಲುಪದ ಮೂಲೆಗಳಿರುತ್ತವೆ. ಹಾಗಾಗಿ ಲೋ-ಗ್ರೇಡ್, ಅಂದರೆ ಅಷ್ಟು ಉಗ್ರವಲ್ಲದ ಗೆಡ್ಡೆಗೂ ಎಷ್ಟೋ ಜನ ಇಡೀ ಕಿಡ್ನಿ ಕಳೆದುಕೊಂಡಿದ್ದಾರೆ. ಇದು ತುಂಬಾ ದುಬಾರಿ ನಷ್ಟ ಅಲ್ವಾ?

2020ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆ ಪಡೆದ ಜೆಲ್ಮಿಟೋ ಈ ತೊಡಕಿಗೆಂದೇ ಬಂದದ್ದು. ಔಷಧಿ ಅದೇ ಮೈಟೋಮೈಸಿನ್, ಹೊಸದು ಜೆಲ್. ಬೆಣ್ಣೆ ಬಿಸಿಗೆ ಕರಗಿದರೆ ಇದು ಬಿಸಿಗೆ ಗಟ್ಟಿಯಾಗುತ್ತದೆ. ಇದರಲ್ಲಿರುವ ಪಾಲಿಮರ್ ಎಳೆಗಳ ನಡುಭಾಗಕ್ಕೆ ನೀರು ಒಗ್ಗುವುದಿಲ್ಲ. ತಂಪಿನಲ್ಲಿ ಹೇಗೋ ನೀರಿನಲ್ಲಿ ಬೆರೆತಿರುತ್ತವೆ. ಮೈ ಬಿಸಿ ತಾಗಿದ ಕೂಡಲೇ ಒಂದಕ್ಕೊಂದು ಸೇರಿ ಸಣ್ಣ ಉಂಡೆಗಳಾಗುತ್ತವೆ, ಉಂಡೆಗಳು ಒತ್ತೊತ್ತಾಗಿ ಕೂತು ಜೆಲ್ ಆಗುತ್ತದೆ. ಅದಕ್ಕೇ ಒಳಗೆ ಬಿಡುವ ತನಕ ತಣ್ಣಗಿಡಬೇಕು. ಆಮೇಲೆ ನಾಲ್ಕರಿಂದ ಆರು ಗಂಟೆಯಲ್ಲಿ ಮೂತ್ರದ ಜೊತೆ ನಿಧಾನವಾಗಿ ಕರಗಿ ಹೋಗುತ್ತದೆ.

ವಾರಕ್ಕೊಮ್ಮೆ, ಆರು ವಾರ ಕೊಡುತ್ತಾರೆ. ಪ್ರಯೋಗದಲ್ಲಿದ್ದ 71 ಜನರಲ್ಲಿ 42 ಮಂದಿಗೆ ಗೆಡ್ಡೆ ಪೂರ್ತಿ ಕಾಣದಾಯಿತು. ಆದರೆ 31 ಮಂದಿಗೆ ಮೂತ್ರನಾಳ ಕಿರಿದಾಯಿತು. ಇದು ಸಣ್ಣ ವಿಷಯವಲ್ಲ. ಕೆಲವರಿಗೆ ಸ್ಟೆಂಟ್ ಹಾಕಬೇಕಾಗುತ್ತದೆ.

ಬಿಸಿಯನ್ನು ನೆಚ್ಚಿದ ನ್ಯಾನೋ ಕಣವೂ ಒಂದಿತ್ತು, ಥರ್ಮೋಡಾಕ್ಸ್. ಸುಮಾರು 40 ಡಿಗ್ರಿ ದಾಟಿದರೆ ಡಾಕ್ಸೋರುಬಿಸಿನ್ ಎಂಬ ಕ್ಯಾನ್ಸರ್ ಔಷಧಿ ಬಿಡುವ ಕೊಬ್ಬಿನ ಗುಳ್ಳೆಗಳು. ರಕ್ತಕ್ಕೆ ಕೊಟ್ಟು, ಲಿವರ್ ಗೆಡ್ಡೆಯನ್ನು ರೇಡಿಯೋ ತರಂಗದಿಂದ ಕಾಯಿಸುವುದು ಇದರ ಉಪಾಯ. 701 ಜನರ ಮೇಲೆ ನಡೆದ ಪ್ರಯೋಗ 2013ರಲ್ಲಿ ಸೋತಿತು. ನನಗೆ ತೋಚುವ ಕಾರಣ ಇದು. ಜೆಲ್‌ಗೆ ಬೇಕಾದ ಬಿಸಿ ಮೈಯಲ್ಲೇ ಇದೆ. ಈ ಕಣಗಳಿಗೆ ಬೇಕಾದ ಬಿಸಿಯನ್ನು ನಾವು ಸರಿಯಾದ ಜಾಗದಲ್ಲಿ, ಸಾಕಷ್ಟು ಹೊತ್ತು ಕೊಡಬೇಕು. ಅದು ಎಲ್ಲರ ಲಿವರ್‌ನಲ್ಲೂ ಒಂದೇ ಸಮ ಆಗುವುದಿಲ್ಲ.

'ನನಗೂ ಆ ಜೆಲ್ ಆಗುತ್ತಾ ಡಾಕ್ಟ್ರೇ?' ಎಂದು ಕೇಳುವವರಿಗೆ ಮೊದಲು ಬಯಾಪ್ಸಿ ರಿಪೋರ್ಟ್ ತೋರಿಸಿ ಎನ್ನುತ್ತೇನೆ. ಹೈ-ಗ್ರೇಡ್, ಅಂದರೆ ಉಗ್ರ ಜಾತಿ ಎಂದಿದ್ದರೆ ಈ ಜೆಲ್‌ಗಾಗಿ ಕಾಯುತ್ತಾ ಕೂರಬೇಡಿ, ಆಪರೇಷನ್ ಬಗ್ಗೆ ಬೇಗ ಮಾತಾಡಿ.