ಅಪಧಮನಿಯ 'ಅಪ' ಕೆಟ್ಟದ್ದಲ್ಲ

ಅಪಧಮನಿಯಲ್ಲಿ ಶುದ್ಧ ರಕ್ತ, ಅಭಿಧಮನಿಯಲ್ಲಿ ಅಶುದ್ಧ ರಕ್ತ. ಹೈಸ್ಕೂಲಿನ ಈ ಬಾಯಿಪಾಠ ಶ್ವಾಸಕೋಶದ ಅಪಧಮನಿಯ ಹತ್ತಿರ ಬಂದ ಕೂಡಲೇ ಮುಗ್ಗರಿಸುತ್ತದೆ. ಅದರಲ್ಲಿ ಹರಿಯುವುದು 'ಅಶುದ್ಧ' ರಕ್ತ! "ಇದೊಂದು ಅಪವಾದ" ಎಂದು ಬರೆಸಿ ಪಾಠ ಮುಂದಕ್ಕೆ ಓಡುತ್ತದೆ. ಅಪವಾದವೇನೂ ಇಲ್ಲ, ಉತ್ತರ ಹೆಸರಿನಲ್ಲೇ ಇದೆ.

ಇಲ್ಲಿನ 'ಅಪ' ಅಪಕೀರ್ತಿಯದ್ದಲ್ಲ, ಅಪಹರಣದ್ದು: ಆಚೆಗೆ, ದೂರಕ್ಕೆ. 'ಅಭಿ' ಎಂದರೆ ಕಡೆಗೆ, ಅಭಿಮುಖದಲ್ಲಿರುವಂತೆ. ಹೃದಯದಿಂದ ಆಚೆಗೆ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ಬಸ್ಸಿನ ಬೋರ್ಡು ಹೋಗುವ ಊರನ್ನು ಹೇಳುತ್ತದೆಯೇ ಹೊರತು ಒಳಗೆ ಕೂತವರು ಯಾರೆಂದು ಹೇಳುವುದಿಲ್ಲ. ಗರ್ಭದಲ್ಲಿರುವ ಮಗುವಿನ ಹೊಕ್ಕುಳಬಳ್ಳಿಯಲ್ಲೂ ಇದೇ ಲೆಕ್ಕ: ಅಲ್ಲಿ ಆಕ್ಸಿಜನ್ ತುಂಬಿದ ರಕ್ತವನ್ನು ಮಗುವಿಗೆ ತರುವುದು ಅಭಿಧಮನಿ.

ಇನ್ನು 'ಅಶುದ್ಧ' ಎಂಬ ಮಾತನ್ನೇ ಬಿಟ್ಟರೆ ಒಳ್ಳೆಯದು. ವಿಶ್ರಾಂತಿಯಲ್ಲಿರುವಾಗ ಹೃದಯಕ್ಕೆ ಮರಳುವ ರಕ್ತದ ಹಿಮೋಗ್ಲೋಬಿನ್ ಇನ್ನೂ ಮುಕ್ಕಾಲು ಪಾಲು ಆಕ್ಸಿಜನ್ ಹೊತ್ತಿರುತ್ತದೆ. ಅದರ ಬಣ್ಣ ನೀಲಿಯಲ್ಲ, ಕಡುಗೆಂಪು. 'ಕಪ್ಪಿಂಗ್' ಚಿಕಿತ್ಸೆಯೆಂದು ಮೈಮೇಲೆ ಬಟ್ಟಲು ಕವುಚಿ ಕಪ್ಪು ರಕ್ತ ತೋರಿಸಿ "ಕೆಟ್ಟ ರಕ್ತ ಹೊರಗೆ ಬಂತು" ಎನ್ನುವವರು ತೋರಿಸುತ್ತಿರುವುದು ಆಕ್ಸಿಜನ್ ಕಡಿಮೆಯಾದ ಮಾಮೂಲಿ ರಕ್ತವನ್ನೇ.

'ಧಮನಿ'ಯ ಮೂಲದಲ್ಲಿ ಊದುವುದು ಎಂಬ ಅರ್ಥವಿದೆ. ಗ್ರೀಕರು ಕೂಡ ಅಪಧಮನಿಯನ್ನು ಗಾಳಿಯ ಕೊಳವೆ ಎಂದೇ ಭಾವಿಸಿದ್ದರು, ಹೆಣದಲ್ಲಿ ಅದು ಬಹುಮಟ್ಟಿಗೆ ಖಾಲಿ ಕಾಣುತ್ತದಲ್ಲ! ಅದರಲ್ಲಿ ರಕ್ತವೇ ಇದೆ ಎಂದು 2ನೇ ಶತಮಾನದ ವೈದ್ಯ ಗ್ಯಾಲನ್ ತೋರಿಸಿದ. ಆದರೆ ಹೃದಯದ ನಡುಗೋಡೆಯ ಕಣ್ಣಿಗೆ ಕಾಣದ ರಂಧ್ರಗಳಿಂದ ಅದು ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದೂ ಹೇಳಿಬಿಟ್ಟ. 13ನೇ ಶತಮಾನದಲ್ಲಿ ಅರಬ್ ವೈದ್ಯ ಇಬ್ನ್ ಅಲ್-ನಫೀಸ್ ಗೋಡೆಯಲ್ಲಿ ರಂಧ್ರವಿಲ್ಲ, ರಕ್ತ ಶ್ವಾಸಕೋಶದ ಮೂಲಕವೇ ಬರಬೇಕು ಎಂದ. 1628ರಲ್ಲಿ ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ ಇಡೀ ಸುತ್ತನ್ನು ಮುಂದಿಟ್ಟ. ಅವನಿಗೆ ಕಾಣದೆ ಉಳಿದ ಲೋಮನಾಳಗಳನ್ನು, ಅಂದರೆ ಅಪಧಮನಿ-ಅಭಿಧಮನಿಗಳನ್ನು ಜೋಡಿಸುವ ಕೂದಲೆಳೆಯಂಥ ನಾಳಗಳನ್ನು, 1661ರಲ್ಲಿ ಇಟಲಿಯ ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಕಂಡ.

ದಾರಿ ಹೀಗೆ. ಮೇಲಿನ, ಕೆಳಗಿನ ಎರಡು ಮಹಾ ಅಭಿಧಮನಿಗಳು ಬಲ ಹೃತ್ಕರ್ಣಕ್ಕೆ (ಹೃದಯದ ಮೇಲಿನ ಕೋಣೆ), ಅಲ್ಲಿಂದ ರಕ್ತ ಬಲ ಹೃತ್ಕುಕ್ಷಿಗೆ (ಕೆಳಗಿನ ಕೋಣೆ). ಬಲ ಹೃತ್ಕುಕ್ಷಿಯಿಂದ ಹೊರಟ ಶ್ವಾಸಕೋಶದ ಅಪಧಮನಿ ಎರಡಾಗಿ ಕವಲೊಡೆಯುತ್ತದೆ. ಮರಳಿ ಎಡ ಹೃತ್ಕರ್ಣಕ್ಕೆ ಬರುವ ಅಭಿಧಮನಿಗಳು ಸಾಮಾನ್ಯವಾಗಿ ನಾಲ್ಕು. ಚಿತ್ರದಲ್ಲಿ ಒಂದೇ ಬರೆದು ಬಿಡುವವರೇ ಹೆಚ್ಚು. ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ. ಕಾಲಿನ ಅಭಿಧಮನಿಯಲ್ಲಿ ಕಟ್ಟಿದ ಹೆಪ್ಪು ಕಳಚಿಕೊಂಡರೆ ಮೊದಲು ಸಿಕ್ಕಿಹಾಕಿಕೊಳ್ಳುವುದು ಎಲ್ಲಿ? ಇದೇ ದಾರಿಯಲ್ಲಿ ಬೆರಳಾಡಿಸಿ ನೋಡಿ: ಮೆದುಳಲ್ಲ, ಶ್ವಾಸಕೋಶ.

ಎಲ್ಲಕ್ಕಿಂತ ಸೊಗಸಾದ ನಾಳಗಳು ಹೃದಯಕ್ಕೇ ಊಟ ಬಡಿಸುವ ಕರೋನರಿ ಅಪಧಮನಿಗಳು. ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ದಾಟಿಸುವ ಹೃದಯದ ದಪ್ಪ ಗೋಡೆಗೆ ಒಳಗಿನ ರಕ್ತ ನೇರವಾಗಿ ದಕ್ಕುವುದಿಲ್ಲ. ದಿನವಿಡೀ ನೋಟು ಎಣಿಸುವ ಕ್ಯಾಷಿಯರ್‌ಗೂ ಸಂಬಳ ಬೇರೆಯೇ ಬರಬೇಕಲ್ಲವೇ? ಆ ಸಂಬಳ ಮಹಾಪಧಮನಿಯ ಬುಡದಲ್ಲಿ, ಕವಾಟದ ತುಸು ಮೇಲೆ, ಎರಡು ಬಾಯಿಗಳಿಂದ ಹೊರಡುತ್ತದೆ: ನಿಮಿಷಕ್ಕೆ ಸುಮಾರು 250 ಮಿಲಿಲೀಟರ್. ಎಡ ಹೃತ್ಕುಕ್ಷಿಯ ಪಾಲು ಹೆಚ್ಚಾಗಿ ಸೇರುವುದು ಹೃದಯ ಹಿಂಡಿಕೊಂಡಾಗಲ್ಲ, ಸಡಿಲವಾದಾಗ. ಬಟ್ಟೆ ಹಿಂಡುತ್ತಿರುವಾಗ ಅದು ನೀರು ಕುಡಿಯುವುದಿಲ್ಲ, ಬಿಟ್ಟಾಗ ಕುಡಿಯುತ್ತದೆ. ಹಿಂಡಿದಾಗ ಸ್ನಾಯುವಿನೊಳಗಿನ ನಾಳಗಳೂ ಅಮುಕಿಹೋಗುತ್ತವೆ. ಸಡಿಲವಾದಾಗ ಕವಾಟ ಮುಚ್ಚಿಕೊಂಡು, ಹಿಗ್ಗಿದ್ದ ಮಹಾಪಧಮನಿ ತಿದಿಯಂತೆ ಕುಗ್ಗಿ ರಕ್ತವನ್ನು ಆ ಬಾಯಿಗಳೊಳಕ್ಕೆ ಒತ್ತುತ್ತದೆ.

ನಿಮಿಷಕ್ಕೆ 75 ಬಡಿತವಿದ್ದರೆ ಒಂದು ಬಡಿತಕ್ಕೆ 0.8 ಸೆಕೆಂಡ್, ಅದರಲ್ಲಿ ಸುಮಾರು 0.5 ಸೆಕೆಂಡ್ ಬಿಡುವು. ಬಡಿತ ಏರಿದಂತೆ ಹೆಚ್ಚು ಕತ್ತರಿ ಬೀಳುವುದು ಈ ಬಿಡುವಿಗೇ, ಅದೂ ಸ್ನಾಯುವಿನ ಹಸಿವು ಹೆಚ್ಚಿರುವ ಹೊತ್ತಿನಲ್ಲಿ. ಸುಮ್ಮನೆ ಕೂತಾಗಲೇ ಬಂದ ಆಕ್ಸಿಜನ್ನಿನ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಈ ಸ್ನಾಯು ಹೀರಿಕೊಂಡಿರುತ್ತದೆ. ಇನ್ನೂ ಬೇಕೆಂದರೆ ನಾಳ ಹಿಗ್ಗಿ ರಕ್ತವೇ ಹೆಚ್ಚು ಬರಬೇಕು. ಕೊಬ್ಬು ಕಟ್ಟಿ ಕಿರಿದಾದ ನಾಳಕ್ಕೆ ಅದು ಸಾಧ್ಯವಾಗುವುದಿಲ್ಲ. ಕೂತಾಗ ಏನೂ ಅನ್ನಿಸದ ಎದೆ ಮೆಟ್ಟಿಲು ಹತ್ತುವಾಗ ಹಿಂಡುವುದು ಇದರಿಂದಲೇ.