ವಯಸ್ಸು ತಿಳಿಯದ ಗಬ್ಬದ ಗಿನಿಪಿಗ್

ಕಾರವಾರದಲ್ಲಿ ಮಳೆ ಹಿಡಿದ ಮೇಲೆ ನನ್ನ ಚಿಕಿತ್ಸಾಲಯಕ್ಕೆ ಬರುವುದು ಹೆಚ್ಚಾಗಿ ಗೊರಸು ಕೊಳೆತ ದನಗಳು ಮತ್ತು ಉಣ್ಣೆ ಜ್ವರದ ನಾಯಿಗಳು. ಕಳೆದ ಜೂನ್‌ನಲ್ಲಿ ಕೋಡಿಬಾಗದ ಕಡೆಯ ತಾಯಿ, ಮಗಳು ಒದ್ದೆಯಾದ ರಟ್ಟಿನ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಯಾರೋ ರಸ್ತೆ ಬದಿಯಲ್ಲಿ ಬಿಟ್ಟುಹೋಗಿದ್ದ ಗಿನಿಪಿಗ್ ಅದರಲ್ಲಿತ್ತು. "ಡಾಕ್ಟರೇ, ಹೊಟ್ಟೆಯಲ್ಲಿ ಗಡ್ಡೆ ಇದ್ದ ಹಾಗಿದೆ, ಸ್ವಲ್ಪ ನೋಡಿ" ಎಂದರು ತಾಯಿ. ಹೊಟ್ಟೆಯಡಿ ಅಂಗೈ ಇಟ್ಟು ಸುಮ್ಮನೆ ಕಾದೆ, ಗಡ್ಡೆ ಒದೆಯಿತು.

ಗಿನಿಪಿಗ್‌ನ ಗರ್ಭಾವಧಿ 59ರಿಂದ 72 ದಿನ. ಮರಿಗಳ ಮಿಸುಕಾಟ ಕೈಗೆ ಸ್ಪಷ್ಟವಾಗಿ ಸಿಗುವುದು ಕೊನೆಯ ಎರಡು ವಾರಗಳಲ್ಲಾದ್ದರಿಂದ ದಿನದ ಅಂದಾಜು ಸಿಕ್ಕಿತು. ಸಿಗದೇ ಹೋದದ್ದು ಬಸುರಿ ಗಿನಿಪಿಗ್‌ನ ವಯಸ್ಸು, ಮತ್ತು ಈ ಪ್ರಾಣಿಯ ಬಸಿರಿನಲ್ಲಿ ಅಪಾಯವನ್ನು ನಿರ್ಧರಿಸುವುದೇ ವಯಸ್ಸು. ಹೆಣ್ಣು ಆರೇಳು ತಿಂಗಳೊಳಗೆ ಮೊದಲ ಸಲ ಮರಿ ಹಾಕದಿದ್ದರೆ ಸೊಂಟದ ಮುಂಭಾಗದಲ್ಲಿ ಎರಡು ಮೂಳೆಗಳು ಸೇರುವ ಕೀಲು ಬಹುಮಟ್ಟಿಗೆ ಬಿಗಿದುಕೊಂಡು, ಹೆರಿಗೆಯ ಹೊತ್ತಿಗೆ ಬೇಕಾದಷ್ಟು ತೆರೆದುಕೊಳ್ಳುವುದಿಲ್ಲ. ಮರಿಗಳೋ ಇಲಿಮರಿಯಂತೆ ಬೆತ್ತಲೆಯಾಗಿ ಹುಟ್ಟುವವಲ್ಲ. ಮೈತುಂಬ ಕೂದಲು, ತೆರೆದ ಕಣ್ಣು, ಮೂಡಿದ ಹಲ್ಲುಗಳೊಂದಿಗೆ, ಪೂರ್ತಿ ಬೆಳೆದ ತಲೆ ಹೊತ್ತು ಬರುವಂಥವು. ಎಕ್ಸ್‌ರೇಯಲ್ಲಿ ಮೂರು ತಲೆಬುರುಡೆಗಳು ಕಂಡವು.

ಆ ದಿನವೇ ನಾನು ಮನೆಯವರೊಡನೆ ಮಾತನಾಡಿದ್ದು ಸಿಸೇರಿಯನ್ ಎಲ್ಲಿ ಮಾಡಿಸುವುದು ಎಂಬುದರ ಬಗ್ಗೆ. ಇಷ್ಟು ಸಣ್ಣ ಪ್ರಾಣಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿರುವವರನ್ನು ಹುಡುಕಿ ನಮ್ಮ ಭಾಗದವರು ಗೋವಾಕ್ಕೋ ಹುಬ್ಬಳ್ಳಿಗೋ ಹೋಗಬೇಕು, ಮಳೆಗಾಲದಲ್ಲಿ ಘಟ್ಟದ ರಸ್ತೆ ಯಾವಾಗ ಕುಸಿಯುತ್ತದೆಂದು ಹೇಳಲಾಗದು. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಬರುವವರಿಗೂ ಇದೇ ಮಾತು ಅನ್ವಯಿಸುತ್ತದೆ. ನೋವು ಶುರುವಾದ ಮೇಲೆ ಫೋನ್ ನಂಬರ್ ಹುಡುಕಲು ಸಮಯವಿರುವುದಿಲ್ಲ.

ಮನೆಯಲ್ಲಿ ಮಾಡಬೇಕಾದ ಕೆಲಸ ಸರಳ, ಆದರೆ ಒಂದು ದಿನವೂ ತಪ್ಪುವಂತಿಲ್ಲ: ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿದಿನ ಬೆಳಿಗ್ಗೆ ಅದೇ ಹೊತ್ತಿಗೆ ತೂಗಿ ಬರೆದಿಡುವುದು. ಎತ್ತುವಾಗ ಒಂದು ಕೈ ಎದೆಯಡಿ, ಇನ್ನೊಂದು ಹಿಂಭಾಗದಡಿ ಇರಬೇಕು, ಹೊಟ್ಟೆಯನ್ನು ಹಿಡಿಯಬಾರದು. ಮೇವಿಗೆ ಟಿಮೋತಿ ಹುಲ್ಲೇ ಬೇಕೆಂದು ಆನ್‌ಲೈನ್‌ನಲ್ಲಿ ದುಬಾರಿ ಬೆಲೆಗೆ ತರಿಸುವವರಿದ್ದಾರೆ. ಔಷಧಿ ಸಿಂಪಡಿಸದ ಜಾಗದ ಗರಿಕೆ, ಬೇಣದ ಒಣ ಕರಡ (ಒಣಹುಲ್ಲು) ಸಾಕು, ಬೂಸಲು ಹಿಡಿದಿರಬಾರದು ಅಷ್ಟೇ. ಜುಲೈನಲ್ಲಿ ನಮ್ಮಲ್ಲಿ ಈ 'ಅಷ್ಟೇ' ಎನ್ನುವುದು ದೊಡ್ಡ ಕೆಲಸವೆಂದು ನನಗೂ ಗೊತ್ತು.

ಗಿನಿಪಿಗ್ ನಮ್ಮಂತೆಯೇ ಸಿ ಜೀವಸತ್ವವನ್ನು ತನ್ನ ದೇಹದಲ್ಲಿ ತಯಾರಿಸಿಕೊಳ್ಳಲಾರದು. ಬಸುರಿಗೆ ಪ್ರತಿ ಕಿಲೋ ತೂಕಕ್ಕೆ ದಿನವೂ ಸುಮಾರು 30 ಮಿಲಿಗ್ರಾಂ ಬೇಕು. ಹಸಿರು ದೊಣ್ಣೆಮೆಣಸಿನಕಾಯಿಯ 100 ಗ್ರಾಂನಲ್ಲಿ ಹೆಚ್ಚುಕಡಿಮೆ 80 ಮಿಲಿಗ್ರಾಂ ಇರುವುದರಿಂದ ಕಿಲೋ ತೂಕಕ್ಕೆ 40 ಗ್ರಾಂ ಕೊಟ್ಟರೆ ಲೆಕ್ಕ ಸರಿಹೋಗುತ್ತದೆ. ಚೀಲದಲ್ಲಿ ಬರುವ ಗುಳಿಗೆ ಮೇವಾದ ಪೆಲೆಟ್‌ನಲ್ಲಿರುವ ಸಿ ಜೀವಸತ್ವ ತಯಾರಾದ ಮೂರು ತಿಂಗಳಲ್ಲಿ ಬಹುಪಾಲು ನಾಶವಾಗುತ್ತದೆ, ಕರಾವಳಿಯ ತೇವದಲ್ಲಿ ಇನ್ನೂ ಬೇಗ. ಆದ್ದರಿಂದ ಚೀಲದ ಮೇಲೆ ಬರೆದದ್ದನ್ನು ನಂಬಿ ಕೂರಬಾರದು. ಕುಡಿಯುವ ನೀರಿಗೆ ಹನಿ ಔಷಧ ಬೆರೆಸುವುದೂ ಬೇಡ, ರುಚಿ ಬದಲಾದರೆ ಅದು ನೀರನ್ನೇ ಬಿಡುತ್ತದೆ.

ಐದನೆಯ ದಿನ ಮಗಳು ನೋಟುಪುಸ್ತಕ ಹಿಡಿದು ಓಡಿಬಂದಳು. ಹಿಂದಿನ ದಿನ 1,162 ಗ್ರಾಂ ಇದ್ದದ್ದು 1,138ಕ್ಕೆ ಇಳಿದಿತ್ತು, ರಾತ್ರಿ ಇಟ್ಟ ದೊಣ್ಣೆಮೆಣಸು ಹಾಗೆಯೇ ಉಳಿದಿತ್ತು. ಬಸುರಿ ಗಿನಿಪಿಗ್ ಅರ್ಧ ದಿನ ಮೇವು ಬಿಟ್ಟಿತೆಂದರೆ ನಾಳೆಯವರೆಗೆ ನೋಡೋಣ ಎನ್ನುವಂತಿಲ್ಲ. ಮರಿಗಳು ಜಠರವನ್ನು ಒತ್ತಿ ತಾಯಿಯ ತಿನಿಸು ಕಡಿಮೆಯಾದಾಗ, ಅಥವಾ ಹೆದರಿ ಉಪವಾಸ ಬಿದ್ದಾಗ, ದೇಹ ಕೊಬ್ಬನ್ನು ಕರಗಿಸಲು ತೊಡಗಿ ರಕ್ತದಲ್ಲಿ ಆಮ್ಲಗುಣದ ಕೀಟೋನ್‌ಗಳು ಏರುತ್ತವೆ. ಇದೇ ಗರ್ಭ ನಂಜು. ಮೈ ತುಂಬಿಕೊಂಡ ಹೆಣ್ಣುಗಳಿಗೆ ಇದರ ಕಾಟ ಹೆಚ್ಚು, ಹೆರಿಗೆಯಾದ ಮೊದಲ ವಾರದಲ್ಲೂ ಬರಬಹುದು. ಆರೋಗ್ಯವಾಗಿರುವ ಗಿನಿಪಿಗ್‌ನ ಮೂತ್ರ ಮಸುಕಾಗಿದ್ದು ಕ್ಷಾರೀಯವಾಗಿರುತ್ತದೆ. ಅಂದು ಪೆಟ್ಟಿಗೆಯ ತಳದಿಂದ ತೆಗೆದ ಹನಿ ನೀರಿನಂತೆ ತಿಳಿಯಾಗಿತ್ತು, ಪರೀಕ್ಷಾ ಪಟ್ಟಿ pH 6, ಅಂದರೆ ಆಮ್ಲೀಯ ಎಂದು ತೋರಿಸಿತು. ಚರ್ಮದಡಿ ಬೆಚ್ಚಗಿನ ದ್ರವ, ಗ್ಲೂಕೋಸ್, ಮೂರು ಗಂಟೆಗೊಮ್ಮೆ ನೆನೆಸಿದ ಪೆಲೆಟ್‌ನ ಗಂಜಿಯನ್ನು ಸಿರಿಂಜಿನಿಂದ ಕೆನ್ನೆಯ ಬದಿಗೆ. ಎರಡನೆಯ ರಾತ್ರಿ ಅದು ಕೊತ್ತಂಬರಿ ಕಡ್ಡಿಯನ್ನು ತಾನಾಗಿ ಎಳೆದುಕೊಂಡಿತು. ಅಡ್ಡಬಿದ್ದ ಮೇಲೆ ತಂದಿದ್ದರೆ ಉಳಿಸಿಕೊಳ್ಳುವುದು ಬಹಳ ಕಷ್ಟವಿತ್ತು.

ಇಲ್ಲಿ ಒಂದು ಎಚ್ಚರಿಕೆ. ಜ್ವರವೆಂದು ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಸಿರಪ್ಪನ್ನು ಬಾಯಿಗೆ ಹಾಕಿ ಆಮೇಲೆ ನನ್ನ ಬಳಿ ತಂದವರಿದ್ದಾರೆ. ಪೆನಿಸಿಲಿನ್ ಗುಂಪಿನ ಔಷಧಗಳು ಈ ಪ್ರಾಣಿಯ ಕರುಳಿನ ಉಪಯುಕ್ತ ಸೂಕ್ಷ್ಮಾಣುಗಳನ್ನು ಅಳಿಸಿ, ವಿಷಕಾರಿಯಾದವು ಬೆಳೆಯಲು ಬಿಡುತ್ತವೆ. ಕೆಲವೇ ದಿನಗಳಲ್ಲಿ ಸಾಯಿಸುತ್ತವೆ.

ದಿನ ತುಂಬುತ್ತ ಬಂದಾಗ ನಾನು ಪ್ರತಿ ಸಂಜೆ ಮೂತ್ರದ್ವಾರದ ಮುಂದಿನ ಆ ಕೀಲನ್ನು ತೋರುಬೆರಳಿನಿಂದ ಮುಟ್ಟಿ ನೋಡುತ್ತಿದ್ದೆ. ಮೂರು ದಿನ ಅಲ್ಲಿ ಗಟ್ಟಿ ಏಣು ಮಾತ್ರ ಸಿಕ್ಕಿತು, ಗೋವಾದ ವೈದ್ಯರಿಗೆ ತಿಳಿಸಿಟ್ಟೆವು. ನಾಲ್ಕನೆಯ ಸಂಜೆ ಬೆರಳ ತುದಿ ಎರಡು ಮೂಳೆಗಳ ನಡುವೆ ಮೆಲ್ಲಗೆ ಇಳಿಯಿತು. ಸುಮಾರು 15 ಮಿಲಿಮೀಟರ್ ತೆರೆದರೆ ಒಂದೆರಡು ದಿನಗಳಲ್ಲಿ ಹೆರಿಗೆ. ತೆರೆಯದ ಸೊಂಟಕ್ಕೆ ನೋವು ಬರಿಸುವ ಚುಚ್ಚುಮದ್ದು ಕೊಡುವುದು ತಾಯಿಯನ್ನು ಕೊಂದಂತೆ. ಇಪ್ಪತ್ತು ನಿಮಿಷ ತಿಣುಕಿದರೂ ಮರಿ ಬರದಿದ್ದರೆ ಹೊರಡಬೇಕು ಎಂದು ಹೇಳಿಟ್ಟಿದ್ದೆ.

ಹೊರಡಬೇಕಾಗಲಿಲ್ಲ. ಮರುದಿನ ನಸುಕಿನಲ್ಲಿ ಅರ್ಧ ಗಂಟೆಯೊಳಗೆ ಮೂರೂ ಬಂದವು. ಕೊನೆಯದು, 112 ಗ್ರಾಂನದು, ಸತ್ತೇ ಹುಟ್ಟಿತು. ತಾಯಿ ಮಾಸನ್ನು ತಿಂದು ಮುಗಿಸಿದ್ದಕ್ಕೆ ಮನೆಯವರು ಗಾಬರಿಯಾದರು, ಅದು ಸಹಜ. ಹಸುವಿನ ಹಾಲು ಕುಡಿಸುವುದು ಬೇಡವೆಂದೆ. ಮರಿಗಳು ಮೊಲೆಯುಣ್ಣುತ್ತಲೇ ಮರುದಿನದಿಂದ ಹುಲ್ಲನ್ನೂ ಕಚ್ಚುತ್ತವೆ. ಹೆತ್ತ ಕೆಲವೇ ಗಂಟೆಗಳಲ್ಲಿ ತಾಯಿ ಮತ್ತೆ ಬೆದೆಗೆ ಬರುವುದರಿಂದ ಜೊತೆಗೆ ಗಂಡಿದ್ದಿದ್ದರೆ ಈ ಕಥೆ ಅದೇ ವಾರ ಮರುಕಳಿಸುತ್ತಿತ್ತು. ಉಳಿದ ಎರಡರಲ್ಲಿ ಒಂದು ಗಂಡು. ಅದನ್ನು 21ನೆಯ ದಿನ ತಾಯಿಯಿಂದ ಬೇರೆ ಮಾಡಿದೆವು. ಅದಕ್ಕೆಂದು ಮಗಳು ಹಳೆಯ ಮೀನಿನ ಕ್ರೇಟೊಂದನ್ನು ಬಿಸಿಲು ಕಂಡ ದಿನ ತೊಳೆದು ಒಣಗಿಸಿ ಇಟ್ಟಿದ್ದಳು.