ಗಸ್ತು: ಊರ ಕಾವಲಿನಲ್ಲಿ ಯಾರ ಪಾಲು ಎಷ್ಟು

ಒಂದು ಜಾಗವನ್ನು ಕಾಯುವ ಸಲುವಾಗಿ ಸುತ್ತಾಡಿ, ನೋಡಿ, ತಿಳಿದುಕೊಂಡು ಬರುವ ಕೆಲಸಕ್ಕೆ ಗಸ್ತು ಅನ್ನುತ್ತಾರೆ. ಪೊಲೀಸರ ಬಾಯಲ್ಲಿ ಇದೇ ಬೀಟ್. ಪೇಟೆಯವರಿಗೆ ಗಸ್ತು ಅಂದ ತಕ್ಷಣ ರಾತ್ರಿ ಸೀಟಿ ಊದುತ್ತಾ ಬರುವ ಗೂರ್ಖಾ, ಇಲ್ಲವೇ ಮೇಲೆ ದೀಪ ತಿರುಗುವ ಜೀಪು ನೆನಪಾಗುತ್ತದೆ. ನವಲಗುಂದದ ಎರೆ ಹೊಲಗಳ ನಡುವಿನ ಊರಿಗೋ, ಕಪ್ಪತಗುಡ್ಡದ ಮಗ್ಗುಲಿನ ಊರಿಗೋ ಆ ಜೀಪು ಬಂದು ಮುಟ್ಟುವುದಕ್ಕೆ ಹೊತ್ತು ಹಿಡಿಯುತ್ತದೆ. ಒಂದು ಠಾಣೆಗೆ ಹಲವು ಹಳ್ಳಿ ಸೇರಿರುತ್ತವೆ, ಇರುವ ಸಿಬ್ಬಂದಿ ಅಷ್ಟಕ್ಕಷ್ಟೇ. ಹಾಗಾಗಿ ಹಳ್ಳಿಯ ಗಸ್ತಿನಲ್ಲಿ ಊರವರ ಪಾಲೇ ಜಾಸ್ತಿ. ಆ ಪಾಲು ಎಲ್ಲಿಯವರೆಗೆ ಅನ್ನುವುದರಲ್ಲೇ ಗೊಂದಲ.

ಮೊದಲು ಹಳೆಯ ಕಥೆ. ನಮ್ಮ ಕಡೆ ಊರಿಗೆ ಅಗಸಿ ಇರುತ್ತಿತ್ತು. ರಾತ್ರಿ ಅಗಸಿ ಬಾಗಿಲು ಹಾಕಿದರೆ ಊರು ಮುಚ್ಚಿದ ಹಾಗೆ. ಕೆಲವು ಊರುಗಳಲ್ಲಿ ಮಣ್ಣಿನ, ಕಲ್ಲಿನ ಹುಡೇವುಗಳು, ಅಂದರೆ ಕಾವಲು ಬುರುಜುಗಳು, ಈಗಲೂ ಅರ್ಧಂಬರ್ಧ ನಿಂತಿವೆ. ಅದರ ಮೇಲೆ ಹತ್ತಿದವನಿಗೆ ದೂರದಲ್ಲಿ ಏಳುವ ಧೂಳು ಕಾಣುತ್ತಿತ್ತು. ಕಾವಲಿಗೆ ತಳವಾರರು, ವಾಲೀಕಾರರು. ಮುಂಬೈ ಪ್ರಾಂತದ ಕಾಲದಲ್ಲಿ ಧಾರವಾಡ ಸೀಮೆಯಲ್ಲಿ ಶೇತಸನದಿಗಳೂ ಇದ್ದರು. ಅವರಿಗೆ ಪಗಾರ ಇಲ್ಲ, ಬದಲಿಗೆ ಹೊಲ. ಆ ಹೊಲ ಉಂಡುಕೊಂಡು ಕಾವಲು ಮಾಡಬೇಕು, ಸರಕಾರ ಕರೆದಾಗ ಹೋಗಬೇಕು. ಇವರೆಲ್ಲರ ಮೇಲೆ ಪೊಲೀಸ್ ಪಾಟೀಲ. 1867ರ ಮುಂಬೈ ಗ್ರಾಮ ಪೊಲೀಸ್ ಕಾಯ್ದೆ ಅವನಿಗೆ ಅಧಿಕಾರವನ್ನೂ ಕೊಟ್ಟಿತ್ತು, ಜವಾಬ್ದಾರಿಯನ್ನೂ ಹೊರಿಸಿತ್ತು.

ಈ ಏರ್ಪಾಡಿನಲ್ಲಿ ಕಾವಲು ಹುಟ್ಟಿನಿಂದ ಬರುತ್ತಿತ್ತು. ಅಪ್ಪ ಕಾದರೆ ಮಗನೂ ಕಾಯಬೇಕು. ಪಾಟೀಲ್ಕಿಯೂ ಹಾಗೇ, ಆದರೆ ದರ್ಪ ಒಬ್ಬರದು, ನಿದ್ದೆಗೇಡು ಇನ್ನೊಬ್ಬರದು. ಹಳೆಯ ಕಾಲ ಚೆನ್ನಾಗಿತ್ತು, ಕಳ್ಳತನವೇ ಇರಲಿಲ್ಲ ಅಂತ ಕಟ್ಟೆಯ ಮೇಲೆ ಕೂತವರು ಹೇಳುವುದುಂಟು. ಇನಾಮು ಹೊಲ ಕೈಯಲ್ಲಿ ಉಳಿಯಲಿ ಅಂತ ತಲೆಮಾರುಗಟ್ಟಲೆ ರಾತ್ರಿ ಎದ್ದು ತಿರುಗಿದವರ ಮನೆಯವರನ್ನೂ ಒಮ್ಮೆ ಕೇಳಬೇಕು, ಅಲ್ವಾ? 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರಲ್ಲಿ ಜಾರಿಗೆ ಬಂದು ಈ ವಂಶಪರಂಪರೆಯ ಹುದ್ದೆಗಳು ಹೋದವು. ತಳವಾರ, ವಾಲೀಕಾರ ಈಗ ಅಡ್ಡಹೆಸರಾಗಿ ಉಳಿದಿವೆ. ಹಾವೇರಿ, ಗದಗ, ಧಾರವಾಡದ ಯಾವ ಶಾಲೆಯ ಹಾಜರಿ ಪುಸ್ತಕ ತೆಗೆದರೂ ಸಿಗುತ್ತವೆ. ಆ ಜಾಗ ತುಂಬಲು 1964ರಲ್ಲಿ ಗ್ರಾಮ ರಕ್ಷಣಾ ದಳದ ಕಾಯ್ದೆ ಬಂತು. ಊರವರೇ ಸ್ವಯಂಸೇವಕರು, ಅವರಿಗೊಬ್ಬ ದಳಪತಿ, ಮೇಲ್ವಿಚಾರಣೆ ಪೊಲೀಸರದು.

ಈಗಿನ ಬೀಟ್ ಪದ್ಧತಿ ಇದಕ್ಕಿಂತ ಸರಳ. ಠಾಣೆಯ ಸರಹದ್ದನ್ನು ತುಂಡು ತುಂಡಾಗಿ ಹಂಚುತ್ತಾರೆ. ಒಂದೊಂದು ತುಂಡಿಗೆ ಒಬ್ಬ ಕಾನ್‌ಸ್ಟೆಬಲ್ ಇಲ್ಲವೇ ಹೆಡ್ ಕಾನ್‌ಸ್ಟೆಬಲ್ ಹೊಣೆ. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಗಸ್ತು ಬಂದ ಮೇಲೆ ಆ ಭಾಗದ ನಾಗರಿಕರನ್ನೂ ಸದಸ್ಯರಾಗಿ ಸೇರಿಸಿಕೊಳ್ಳುವ ಕ್ರಮ ಶುರುವಾಯಿತು. 2025ರಲ್ಲಿ ‘ಮನೆ ಮನೆಗೆ ಪೊಲೀಸ್’ ಅಂತ ಇನ್ನೊಂದು ಯೋಜನೆ ಬಂತು. ಹೆಸರು ಬದಲಾಗುತ್ತಿರುತ್ತದೆ, ಆಸೆ ಒಂದೇ: ಆ ಪೊಲೀಸರಿಗೆ ಊರು ಗೊತ್ತಿರಬೇಕು, ಊರಿಗೆ ಅವರು ಗೊತ್ತಿರಬೇಕು. ನಿಮ್ಮೂರಿನ ಬೀಟ್ ಪೊಲೀಸ್ ಯಾರು ಅಂತ ಕೇಳಿದರೆ ಹೆಸರು ಹೇಳಲು ಬರದಿದ್ದರೆ, ಕಾಗದದ ಮೇಲೆ ಎಂಥ ಪದ್ಧತಿ ಇದ್ದರೂ ಅಷ್ಟೇ.

ಕಾನೂನು ಈ ವಿಷಯದಲ್ಲಿ ಹಳ್ಳಿಯವರಿಗೆ ಒಂದು ವಿಶೇಷ ಕೆಲಸ ಕೊಟ್ಟಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 34ನೇ ಕಲಮು ನೋಡಿ. ಹಳ್ಳಿಯ ಕೆಲಸದಲ್ಲಿರುವ ಅಧಿಕಾರಿಗಳಷ್ಟೇ ಅಲ್ಲ, ಹಳ್ಳಿಯಲ್ಲಿ ವಾಸ ಮಾಡುವ ಪ್ರತಿಯೊಬ್ಬರೂ ಕೆಲವು ಸಂಗತಿಗಳನ್ನು ಹತ್ತಿರದ ಠಾಣೆಗೋ ಮ್ಯಾಜಿಸ್ಟ್ರೇಟರಿಗೋ ಕೂಡಲೇ ತಿಳಿಸಬೇಕು ಅನ್ನುತ್ತದೆ ಅದು. ಊರಲ್ಲಿ ಅಥವಾ ಊರ ಹತ್ತಿರ ಜಾಮೀನಿಲ್ಲದ ಅಪರಾಧ ನಡೆದರೆ, ನಡೆಯುವ ಸುಳಿವು ಸಿಕ್ಕರೆ ತಿಳಿಸಬೇಕು. ಸಂಶಯದ ಸಾವು ಆದರೆ ತಿಳಿಸಬೇಕು. ಕದ್ದ ಮಾಲು ಕೊಳ್ಳುವ, ಮಾರುವ ಹೆಸರುವಾಸಿ ಆಸಾಮಿ ಊರಲ್ಲಿ ನೆಲೆಸಿದ್ದರೂ ತಿಳಿಸಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ ಇದು ಇತ್ತು, 40ನೇ ಕಲಮಾಗಿ. ಪೇಟೆಯವರಿಗೆ ಇಷ್ಟು ಅಗಲವಾದ ಹೊಣೆ ಇಲ್ಲ.

ಈ ‘ಕದ್ದ ಮಾಲು ಕೊಳ್ಳುವವನು’ ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ನಮ್ಮ ಕಡೆ ಹೊಲದಲ್ಲಿ ಏನು ಕಳುವಾಗುತ್ತದೆ ನೋಡಿ. ಪಂಪ್‌ಸೆಟ್ಟಿನ ಕೇಬಲ್ಲು, ಅದರೊಳಗಿನ ತಾಮ್ರಕ್ಕಾಗಿ. ಟ್ರ್ಯಾಕ್ಟರಿನ ಬ್ಯಾಟರಿ. ಕಳ್ಳನಿಗೆ ಕೇಬಲ್ಲು ಬೇಕಿಲ್ಲ, ಸುಟ್ಟು ತೆಗೆದ ತಾಮ್ರ ಬೇಕು. ತಾಮ್ರ ಗುಜರಿಗೆ ಹೋಗಲೇಬೇಕು. ರೈತನಿಗೆ ಆಗುವ ನಷ್ಟ ಮಾತ್ರ ಬರೀ ಕೇಬಲ್ಲಿನದಲ್ಲ. ನೀರು ಹಾಯಿಸುವ ಹೊತ್ತಿಗೆ ಮೋಟಾರು ಕೂತುಬಿಟ್ಟರೆ ಬೆಳೆಯೇ ಬಾಡುತ್ತದೆ. ಹಳ್ಳದ ದಂಡೆಯಲ್ಲಿ ರಬ್ಬರು ಸುಟ್ಟ ವಾಸನೆ ಬಂತು, ಕರಿ ಬೂದಿ ಕಂಡಿತು ಅಂದರೆ ಅದನ್ನು ಬೀಟ್ ಪೊಲೀಸರಿಗೆ ಹೇಳುವುದು ದೊಡ್ಡ ಗಸ್ತು. ರಾತ್ರಿಯೆಲ್ಲ ಬಡಿಗೆ ಹಿಡಿದು ತಿರುಗಿದರೂ ಸಿಗದ ಸುಳಿವು ಅಲ್ಲಿರುತ್ತದೆ.

ಬ್ಯಾಡಗಿ ಸುತ್ತಿನಲ್ಲಿ ಮೆಣಸಿನಕಾಯಿ ಬಿಡಿಸಿ ಕಣದಲ್ಲಿ ಒಣ ಹಾಕಿದಾಗ ಇನ್ನೊಂದು ಬಗೆಯ ಕಾವಲು ಬೇಕಾಗುತ್ತದೆ. ಇಡೀ ವರ್ಷದ ದುಡ್ಡು ಬಯಲಲ್ಲಿ ಹರಡಿಕೊಂಡಿರುತ್ತದೆ, ಬೀಗವೂ ಇಲ್ಲ, ಗೋಡೆಯೂ ಇಲ್ಲ. ಅದಕ್ಕೇ ಅಕ್ಕಪಕ್ಕದ ಕಣದವರು ಪಾಳಿ ಹಾಕಿಕೊಂಡು ಮಲಗುತ್ತಾರೆ. ಇದಕ್ಕೆ ಯಾರೂ ಗಸ್ತು ಅನ್ನುವುದಿಲ್ಲ, ಕಣ ಕಾಯೋದು ಅನ್ನುತ್ತಾರೆ. ಕುರಿ ಹಟ್ಟಿಯಲ್ಲೂ ಹೀಗೇ. ಮನೆಗಳ್ಳತನಕ್ಕೆ ಬೇರೆ ಹೊತ್ತು: ಮನೆ ಮಂದಿಯೆಲ್ಲ ಜಾತ್ರೆಗೋ ಮದುವೆಗೋ ಹೋದ ದಿನ, ಸುಗ್ಗಿಯಲ್ಲಿ ಎಲ್ಲರೂ ಹೊಲದಲ್ಲಿರುವ ಮಟಮಟ ಮಧ್ಯಾಹ್ನ. ರಾತ್ರಿ ಮಾತ್ರ ಕಾದರೆ ಸಾಲದು. ಬೀಗ ಹಾಕಿ ಹೋಗುವಾಗ ಪಕ್ಕದ ಮನೆಯ ಅಜ್ಜಿಗೆ ಹೇಳಿ ಹೋದರೆ ಅರ್ಧ ಕೆಲಸ ಆಯಿತು. ಕಟ್ಟೆ ಮೇಲೆ ಕೂತ ಅಜ್ಜಿಯ ಕಣ್ಣು ತಪ್ಪಿಸಿ ಓಣಿಗೆ ಬರುವುದು ಕಷ್ಟ.

ಅಗಸಿ ಇದ್ದ ಕಡೆ ಈಗ ಕೆಲವು ಊರುಗಳಲ್ಲಿ ಕ್ಯಾಮೆರಾ ಬಂದಿವೆ. ಒಳ್ಳೆಯದೇ. ಆದರೆ ಬಹಳ ಕಡೆ ಅದನ್ನು ಎತ್ತರದಲ್ಲಿ ಕಟ್ಟಿ ಊರ ಕಮಾನು ಚೆಂದ ಕಾಣುವ ಹಾಗೆ ತಿರುಗಿಸಿರುತ್ತಾರೆ. ಗಾಡಿಯ ನಂಬರ್ ಪ್ಲೇಟು ಕಾಣದಿದ್ದರೆ ಏನು ಬಂತು?

ನೋಡಿದ್ದನ್ನು ಹೇಳುವುದು ಹೇಗೆ? ಆಗಲೇ ನಡೆಯುತ್ತಿದ್ದರೆ 112ಕ್ಕೆ ಫೋನು. ಊರ ಹೆಸರು, ಗುರುತಿನ ಜಾಗ, ಗಾಡಿಯ ಬಣ್ಣ, ನಂಬರು, ಯಾವ ಕಡೆ ಹೋಯಿತು, ಇಷ್ಟು ಸಾಕು. ಕಳುವಾದ ಮೇಲೆ ‘ಇದು ನಮ್ಮ ಸರಹದ್ದಿಗೆ ಬರುವುದಿಲ್ಲ’ ಅಂತ ಠಾಣೆಯವರು ವಾಪಸ್ ಕಳಿಸುವ ಹಾಗಿಲ್ಲ. ಅಪರಾಧ ಎಲ್ಲೇ ನಡೆದಿರಲಿ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧವಾದರೆ ದೂರು ಬರೆದುಕೊಳ್ಳಲೇಬೇಕು ಅಂತ ಅದೇ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಹೇಳುತ್ತದೆ. ಎರಡು ತಾಲೂಕಿನ ಗಡಿಯಲ್ಲಿ ಹೊಲ ಇರುವವರಿಗೆ ಇದು ಗೊತ್ತಿರಬೇಕು.

ಹಿಡಿಯುವ ಮಾತು ಕಡೆಗೆ. ಯಾರಾದರೂ ನಿಮ್ಮ ಕಣ್ಣೆದುರೇ ಜಾಮೀನಿಲ್ಲದ, ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧ ಮಾಡಿದರೆ ಸಾಮಾನ್ಯ ಜನರೂ ಹಿಡಿಯಬಹುದು. ಆದರೆ ತಡ ಮಾಡದೆ, ಹೆಚ್ಚೆಂದರೆ ಹಿಡಿದ 6 ತಾಸಿನೊಳಗೆ ಪೊಲೀಸರಿಗೆ ಒಪ್ಪಿಸಬೇಕು. ಇದು ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಮು. ‘ಕಣ್ಣೆದುರೇ’ ಅನ್ನುವ ಷರತ್ತು ಮುಖ್ಯ. ಸಂಶಯ ಬಂತು, ಯಾರೋ ಹೇಳಿದರು, ಮೊಬೈಲಿನಲ್ಲಿ ಬಂತು ಅನ್ನುವುದಕ್ಕೆಲ್ಲ ಈ ಅಧಿಕಾರ ಇಲ್ಲ. ಹಿಡಿದವನನ್ನು ಕಂಬಕ್ಕೆ ಕಟ್ಟುವ, ಹೊಡೆಯುವ ಅಧಿಕಾರವಂತೂ ಯಾರಿಗೂ ಇಲ್ಲ.

2018ರಲ್ಲಿ ‘ಮಕ್ಕಳ ಕಳ್ಳರು ಬಂದಿದ್ದಾರೆ’ ಅನ್ನುವ ಸುಳ್ಳು ಸುದ್ದಿ ರಾಜ್ಯದ ತುಂಬ ಹರಿದಾಡಿತು. ಆ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಹೈದರಾಬಾದಿನಿಂದ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ಅಷ್ಟಕ್ಕೇ ಸಂಶಯ ಎದ್ದು ವಾಟ್ಸ್‌ಆ್ಯಪ್‌ನಲ್ಲಿ ಮುಂದಿನ ಊರಿಗೆ ಸುದ್ದಿ ಹೋಯಿತು. ಮುರ್ಕಿಯಲ್ಲಿ ಜನ ಅವರ ಕಾರನ್ನು ಅಡ್ಡಗಟ್ಟಿ ಹೊಡೆದರು, ಒಬ್ಬ ಯುವಕ ಸತ್ತ. ಆ ಜನ ತಾವು ಊರು ಕಾಯುತ್ತಿದ್ದೇವೆ ಅಂತಲೇ ತಿಳಿದಿದ್ದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಿಂತ ಹೆಚ್ಚು ಕಳಿಸದಂತೆ ಮಿತಿ ಹಾಕುವುದಾಗಿ ಹೇಳಿತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 5 ಅಥವಾ ಹೆಚ್ಚು ಜನ ಸೇರಿ ಜಾತಿ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಒಬ್ಬರನ್ನು ಕೊಂದರೆ ಗುಂಪಿನ ಪ್ರತಿಯೊಬ್ಬರಿಗೂ ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆ ಇದೆ.

ಸಂಶಯ ಯಾರ ಮೇಲೆ ಬೀಳುತ್ತದೆ ಅನ್ನುವುದಕ್ಕೂ ಇಲ್ಲಿ ಒಂದು ಚರಿತ್ರೆ ಇದೆ. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಸೆಟ್ಲ್‌ಮೆಂಟ್ ಅನ್ನುವ ಭಾಗಗಳಿವೆ. ಬ್ರಿಟಿಷರು 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಕೆಲವು ಸಮುದಾಯಗಳನ್ನು ಇಡಿಯಾಗಿ ಹುಟ್ಟುಗಳ್ಳರು ಅಂತ ಪಟ್ಟಿ ಮಾಡಿದರು. ಮುಂದೆ ಅವರನ್ನು ಇಂಥ ಸೆಟ್ಲ್‌ಮೆಂಟುಗಳಲ್ಲಿ ಕೂಡಿ ಹಾಕಿ, ಹಾಜರಿ ತೆಗೆದುಕೊಂಡರು. ಕಾಯ್ದೆ 1952ರಲ್ಲಿ ರದ್ದಾಯಿತು. ಆದರೂ ಊರಲ್ಲಿ ಏನಾದರೂ ಕಳುವಾದರೆ ಮೊದಲು ಬೆರಳು ತಿರುಗುವುದು ಊರ ಹೊರಗೆ ಗುಡಾರ ಹಾಕಿದವರ ಕಡೆಗೇ. ಮನೆತನಗಳ ವಂಶಾವಳಿ ಹೇಳುವ ಹೆಳವರು, ದೇವಿಯ ಹಾಡು ಹೇಳುವ ಗೊಂದಲಿಗರು, ಹೊಲದಲ್ಲಿ ಕುರಿ ತರುಬುವ ಕುರಿಗಾರರು ಪ್ರತಿ ವರ್ಷ ಅದೇ ದಾರಿಯಲ್ಲಿ ಬರುವವರು. ಹೆಳವರ ಪುಸ್ತಕದಲ್ಲಿ ನಮ್ಮ ಮನೆತನದ ಹೆಸರುಗಳೇ ಇರುತ್ತವೆ. ಯಾರ ಹೊಲದಲ್ಲಿ ಇಳಿದಿದ್ದಾರೋ ಆ ರೈತನೇ ‘ಇವರು ನಮ್ಮಲ್ಲಿ ಇಂತಿಷ್ಟು ದಿನ ಇರುತ್ತಾರೆ’ ಅಂತ ಬೀಟ್ ಪೊಲೀಸರಿಗೂ ಊರ ಗುಂಪಿಗೂ ಮೊದಲೇ ಹೇಳಿಟ್ಟರೆ, ರಾತ್ರಿ ಅವರ ಗುಡಾರದ ಮುಂದೆ ಬ್ಯಾಟರಿ ಬಿಟ್ಟು ನಿಲ್ಲುವ ಪ್ರಸಂಗ ಬರುವುದಿಲ್ಲ.